ಹುಡುಗನ ಎಸೆತಗಳಿಗೂ ಒಂದು ಸೇವಾ ಪುಸ್ತಕ ಬೇಕು

ದಕ್ಷಿಣ ದೆಹಲಿಯ ಕಿದ್ವಾಯಿ ನಗರದಿಂದ ರಿಂಗ್ ರೋಡ್ ದಾಟಿದರೆ ಒಂದು ಕಡೆ ಏಮ್ಸ್, ಇನ್ನೊಂದು ಕಡೆ ಸಫ್ದರ್‌ಜಂಗ್ ಆಸ್ಪತ್ರೆ. ಸಫ್ದರ್‌ಜಂಗ್‌ನ ಕ್ರೀಡಾ ಗಾಯ ಚಿಕಿತ್ಸಾ ಕೇಂದ್ರ ಶುರುವಾದದ್ದು 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ. ಇತ್ತ ಕಿದ್ವಾಯಿ ನಗರ ಮೊದಲಿನಿಂದಲೂ ಕೇಂದ್ರ ಸರ್ಕಾರಿ ನೌಕರರ ಬಡಾವಣೆ. ಹಳೆಯ ಕ್ವಾರ್ಟರ್ಸ್ ಕೆಡವಿ ಸರ್ಕಾರಿ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿ ಎತ್ತರದ ಕಟ್ಟಡಗಳನ್ನು ಕಟ್ಟಿದ ಮೇಲೂ ಅಲ್ಲಿ ವಾಸವಿರುವವರು ಬಹುತೇಕ ಆ ವರ್ಗದವರೇ, ಅವರಲ್ಲಿ ಕನ್ನಡದ ಮನೆಗಳೂ ಉಂಟು. ಈ ಮನೆಗಳ ಯಜಮಾನರಿಗೆಲ್ಲ ಕಚೇರಿಯಲ್ಲಿ ಒಂದೊಂದು ಸೇವಾ ಪುಸ್ತಕ ಇರುತ್ತದೆ. ಕೆಲಸಕ್ಕೆ ಸೇರಿದ ದಿನ, ತೆಗೆದುಕೊಂಡ ರಜೆ, ಬಡ್ತಿ, ವರ್ಗಾವಣೆ ಎಲ್ಲವೂ ಅದರಲ್ಲಿ ದಾಖಲು. ದೆಹಲಿಯಿಂದ ಬೆಂಗಳೂರಿಗೆ ವರ್ಗವಾದರೆ ಪುಸ್ತಕವೂ ಹಿಂದೆಯೇ ಬರುತ್ತದೆ. ಅದೇ ಮನೆಯ ಹದಿನಾಲ್ಕು ವರ್ಷದ ಮಗ ವೇಗದ ಬೌಲರ್ ಆಗಲು ಹೊರಟಿದ್ದರೆ, ಅವನು ಈ ವಾರ ಎಷ್ಟು ಚೆಂಡು ಎಸೆದ, ಹೋದ ತಿಂಗಳು ಎಷ್ಟು ದಿನ ಬಿಡುವು ಪಡೆದ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಅಪ್ಪನ ಅರ್ಧ ದಿನದ ರಜೆಗೆ ಇರುವ ದಾಖಲೆ ಮಗನ ಬೆನ್ನುಮೂಳೆಗೆ ಇಲ್ಲ. ಅದು ಇರಬೇಕು, ಶಾಲೆ, ಕ್ಲಬ್, ಅಕಾಡೆಮಿ, ರಾಜ್ಯ ಸಂಸ್ಥೆಗಳಿಗೆ ಅದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ವಾದ.

ಈ ವಾದಕ್ಕೆ ಮೊದಲ ಸಾಕ್ಷಿ ಕ್ರಿಕೆಟ್‌ನಿಂದಲ್ಲ, ಬೇಸ್‌ಬಾಲ್‌ನಿಂದ. ಆ ಆಟದಲ್ಲಿ ಚೆಂಡು ಎಸೆಯುವವನು ಪಿಚರ್. ಅವನ ಇಡೀ ವೃತ್ತಿ ನಿಂತಿರುವುದು ಒಂದು ತೋಳಿನ ಮೇಲೆ. ಆ ತೋಳಿನ ಆಯಸ್ಸನ್ನು ಅಳೆಯಲು ಅಮೆರಿಕದವರು ಐವತ್ತು ವರ್ಷಗಳಿಂದ ಪಟ್ಟಷ್ಟು ಪಾಡನ್ನು ಬೇರೆ ಯಾವ ಆಟದವರೂ ಪಟ್ಟಿಲ್ಲ. ನಮ್ಮ ದೇಶಕ್ಕೂ ಆ ವೃತ್ತಿಯ ಒಂದು ಅಧ್ಯಾಯ ಇದೆ. 2008ರಲ್ಲಿ ಜೆ.ಬಿ. ಬರ್ನ್‌ಸ್ಟೀನ್ ಎಂಬ ಅಮೆರಿಕದ ಕ್ರೀಡಾ ಏಜೆಂಟ್ 'ಮಿಲಿಯನ್ ಡಾಲರ್ ಆರ್ಮ್' ಎಂಬ ಸ್ಪರ್ಧೆ ನಡೆಸಿ ಭಾರತದ ಊರೂರುಗಳಲ್ಲಿ ವೇಗವಾಗಿ ಎಸೆಯುವ ಹುಡುಗರನ್ನು ಹುಡುಕಿದರು. ಕ್ರಿಕೆಟ್ ದೇಶವಾದ್ದರಿಂದ ಬೌಲರ್‌ಗಳೇ ಸಿಗುತ್ತಾರೆ ಎಂಬುದು ಲೆಕ್ಕಾಚಾರವಾಗಿತ್ತು. ಆದರೆ ಕೊನೆಗೆ ಗೆದ್ದವರು ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಪಟುಗಳು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಲಖನೌದ ಕ್ರೀಡಾ ವಸತಿ ನಿಲಯದಲ್ಲಿ ಬೆಳೆದವರು. (ಈಗ ಕ್ರಿಕೆಟ್‌ನಲ್ಲಿ ಹೆಸರಾಗಿರುವ ರಿಂಕು ಸಿಂಗ್ ಬೇರೆ.) ಟಾಮ್ ಹೌಸ್ ಎಂಬ ತರಬೇತುದಾರರು ಅವರನ್ನು ಕೆಲವೇ ತಿಂಗಳಲ್ಲಿ ಸಜ್ಜುಗೊಳಿಸಿದರು. ಅದೇ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರೊಂದಿಗೂ ಕರಾರು ಮಾಡಿಕೊಂಡಿತು. 2009ರ ಜುಲೈನಲ್ಲಿ ರಿಂಕು ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಪಿಚರ್ ಆದರು. 2014ರಲ್ಲಿ ಡಿಸ್ನಿ ಈ ಕಥೆಯನ್ನು ಚಲನಚಿತ್ರ ಮಾಡಿತು. ಚಿತ್ರ ಎಲ್ಲಿ ಮುಗಿಯುತ್ತದೋ ವೃತ್ತಿಯ ಕಷ್ಟ ಅಲ್ಲಿಂದಲೇ ಶುರು. ದಿನೇಶ್ ಅವರನ್ನು ತಂಡ 2010ರ ಕೊನೆಯಲ್ಲಿ ಬಿಟ್ಟುಕೊಟ್ಟಿತು, ಅವರು ಊರಿಗೆ ಮರಳಿ ಮತ್ತೆ ಜಾವೆಲಿನ್ ಹಿಡಿದರು. ರಿಂಕು ಕಿರಿಯ ಲೀಗ್‌ಗಳಲ್ಲಿ ಕೆಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಿದ್ದಾಗ ಮೊಣಕೈ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು, ವರ್ಷಗಟ್ಟಲೆ ಕಾದದ್ದಾಯಿತು. 2018ರ ಜನವರಿಯಲ್ಲಿ ಅವರು ಬೇಸ್‌ಬಾಲ್ ಬಿಟ್ಟು ಡಬ್ಲ್ಯುಡಬ್ಲ್ಯುಇ ಸೇರಿ 'ವೀರ್ ಮಹಾನ್' ಎಂಬ ಹೆಸರಿನ ಕುಸ್ತಿಪಟುವಾದರು. ದೇಶವೆಲ್ಲ ಸೋಸಿ ಆರಿಸಿದ, ಒಳ್ಳೆಯ ತರಬೇತಿ ಪಡೆದ, ದುಡಿಯುವ ಹಂಬಲವಿದ್ದ ಎರಡು ತೋಳುಗಳಲ್ಲಿ ಒಂದೂ ಆ ಆಟದ ಅಗ್ರ ಹಂತವಾದ ಮೇಜರ್ ಲೀಗ್ ಮುಟ್ಟಲಿಲ್ಲ. ಇದನ್ನು ಸೋಲು ಎನ್ನಲಾರೆ, ಆ ವೃತ್ತಿಯ ಸಾಮಾನ್ಯ ಫಲಿತಾಂಶವೇ ಅದು.

ಪಿಚರ್‌ನ ಮೊಣಕೈಯ ಒಳಬದಿಯಲ್ಲಿ ಎರಡು ಮೂಳೆಗಳನ್ನು ಬಿಗಿಹಿಡಿಯುವ ಒಂದು ಸಣ್ಣ ಅಸ್ಥಿರಜ್ಜು ಇರುತ್ತದೆ. ಪ್ರತಿ ಎಸೆತದಲ್ಲೂ ಅದು ಹರಿಯುವ ಅಂಚಿಗೆ ಹೋಗಿ ಬರುತ್ತದೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರಿಗೆ ಅದು ಹರಿದೇ ಹೋಯಿತು. ಡಾ. ಫ್ರಾಂಕ್ ಜೋಬ್ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಮೊಣಕೈಗೆ ಕಸಿ ಮಾಡಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಆಗ ಅಂದಾಜಿಸಿದ್ದರು. ಟಾಮಿ ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದರು, ವೃತ್ತಿಯ 288 ಗೆಲುವುಗಳಲ್ಲಿ 164 ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರವೇ. ಅದಕ್ಕೆ ಎಂಟು ವರ್ಷ ಮೊದಲು ಇದೇ ತಂಡದ ಸ್ಯಾಂಡಿ ಕೋಫ್ಯಾಕ್ಸ್‌ಗೆ ಆ ಅದೃಷ್ಟ ಇರಲಿಲ್ಲ. 1966ರಲ್ಲಿ 27 ಪಂದ್ಯ ಗೆದ್ದು, ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೂರನೇ ಸಲ ಪಡೆದ ವರ್ಷವೇ, ಎಡ ಮೊಣಕೈಯ ಸಂಧಿವಾತ ತಾಳಲಾರದೆ ಅವರು 30ರ ಹರೆಯದಲ್ಲಿ ಆಟ ಬಿಟ್ಟರು. ಕ್ರಿಕೆಟ್ ಬೌಲರ್‌ನದು ಬೇರೆ ಕಥೆ. ನಿಯಮದ ಪ್ರಕಾರ ಅವನು ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸುವಂತಿಲ್ಲ. ಹಾಗಾಗಿ ವೇಗದ ಭಾರವನ್ನು ಹೊರುವುದು ಸೊಂಟ ಮತ್ತು ಬೆನ್ನು. ಓಡಿ ಬಂದು ಮುಂಗಾಲು ಊರಿದಾಗ ದೇಹತೂಕದ ಹಲವು ಪಟ್ಟು ಹೊಡೆತ ನೆಲದಿಂದ ಮೇಲೇರುತ್ತದೆ. ಅದೇ ಗಳಿಗೆಯಲ್ಲಿ ಬೆನ್ನು ಬಾಗಿ, ತಿರುಗಿ, ಹಿಂದಕ್ಕೆ ಸೆಟೆಯುತ್ತದೆ. ಸೊಂಟದ ಕೆಳಗಿನ ಕಶೇರುಗಳಲ್ಲಿ, ಸಾಮಾನ್ಯವಾಗಿ ಬೌಲಿಂಗ್ ಕೈಯ ವಿರುದ್ಧ ಬದಿಯಲ್ಲಿ, ಮೂಳೆ ಮೊದಲು ದಣಿಯುತ್ತದೆ, ಆಮೇಲೆ ಸೀಳುತ್ತದೆ. ಎಳೆಯ ವಯಸ್ಸಿನಲ್ಲಿ ಆ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಗಾಯದ ಜಾಗ ಬೇರೆಯಾದರೂ ಕಾರಣ ಒಂದೇ: ಚೇತರಿಸಿಕೊಳ್ಳಲು ಪುರುಸೊತ್ತು ಕೊಡದೆ ಮತ್ತೆ ಮತ್ತೆ ಎಸೆಯುವುದು.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ 481 ಎಳೆಯ ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ಗಂಭೀರ ಗಾಯದ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು ಎಂದು ಅದು ಕಂಡುಕೊಂಡಿತು. ಅದಕ್ಕೂ ಮೊದಲು, 2006ರಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ ಹುಡುಗರನ್ನು ಆರೋಗ್ಯವಾಗಿದ್ದವರ ಜೊತೆ ಹೋಲಿಸಿದ ಇನ್ನೊಂದು ಅಧ್ಯಯನ ಬಂದಿತ್ತು. ಅದರ ಪ್ರಕಾರ ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಎಸೆಯುವವರಿಗೆ ಅಪಾಯ ಐದು ಪಟ್ಟು. ತೋಳು ದಣಿದಿದ್ದರೂ ರೂಢಿಯಂತೆ ಎಸೆಯುತ್ತಿದ್ದವರಿಗೆ 36 ಪಟ್ಟು. ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ದಣಿವು ಹುಡುಗನಿಗೆ ಗೊತ್ತಿರುತ್ತದೆ, ಹೇಳುವ ಧೈರ್ಯ ಇರುವುದಿಲ್ಲ. ಅವನ ಬದಲು ಸಂಖ್ಯೆ ಹೇಳಲಿ ಎಂದೇ ಎಣಿಕೆ. ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟ್ಲ್ ಲೀಗ್ 2007ರಲ್ಲಿ ಇನ್ನಿಂಗ್ಸ್ ಲೆಕ್ಕ ಬಿಟ್ಟು ಎಸೆತಗಳ ಲೆಕ್ಕಕ್ಕೆ ಬಂತು. 2014ರಲ್ಲಿ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ವಯಸ್ಸಿಗೆ ತಕ್ಕ ಮಿತಿಗಳನ್ನು ಪ್ರಕಟಿಸಿದವು. 13-14ರ ಹುಡುಗ ದಿನಕ್ಕೆ 95ಕ್ಕಿಂತ ಹೆಚ್ಚು ಎಸೆಯುವಂತಿಲ್ಲ, 66 ದಾಟಿದರೆ ನಾಲ್ಕು ದಿನ ವಿಶ್ರಾಂತಿ. ಕ್ರಿಕೆಟ್‌ನಲ್ಲಿ ಇಂಗ್ಲೆಂಡ್ ಮಂಡಳಿ ಇಂಥದೇ ನಿರ್ದೇಶನಗಳನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿದೆ. ಅದರ ಪ್ರಕಾರ 13ರೊಳಗಿನ ವೇಗಿಗೆ ಒಂದು ಸ್ಪೆಲ್‌ನಲ್ಲಿ 5 ಓವರ್, ದಿನಕ್ಕೆ 10.

ನಮ್ಮಲ್ಲೂ ಟೂರ್ನಿಗಳಿಗೆ ನಿಯಮಾವಳಿ ಉಂಟಲ್ಲ ಎನ್ನಬಹುದು. ಆದರೆ ಯಾವ ಟೂರ್ನಿಯ ನಿಯಮವೂ ಆ ಮೈದಾನದ ಬೌಂಡರಿ ಗೆರೆಯಾಚೆ ಹೋಗುವುದಿಲ್ಲ. ದೆಹಲಿಯಂಥ ಊರಿನಲ್ಲಿ ವೇಗಿ ಹುಡುಗನ ವಾರ ಹೇಗಿರುತ್ತದೆ ನೋಡಿ. ಶಾಲಾ ತಂಡದಲ್ಲಿ ಅವನೇ ಮುಖ್ಯ ಬೌಲರ್. ಸಂಜೆ ಶುಲ್ಕ ಕೊಟ್ಟು ಸೇರಿದ ಅಕಾಡೆಮಿಯ ನೆಟ್ಸ್, ಅಲ್ಲಿ ಬ್ಯಾಟ್ಸ್‌ಮನ್‌ಗಳಿಗೆ ಅಭ್ಯಾಸ ಕೊಡಲು ಬೌಲರ್‌ಗಳು ಬೇಕೇಬೇಕು. ಭಾನುವಾರ ಕ್ಲಬ್ ಪಂದ್ಯ, ರಜೆಯಲ್ಲಿ ಬಹುಮಾನದ ಹಣವಿರುವ ಖಾಸಗಿ ಟೂರ್ನಿ. ಶಾಲೆಯ ದೈಹಿಕ ಶಿಕ್ಷಕರು ಮಿತಿಯಲ್ಲೇ ಬೌಲ್ ಮಾಡಿಸಿರಬಹುದು, ಅಕಾಡೆಮಿಯ ಕೋಚ್ ಕೂಡ ಮಿತಿ ಮೀರಿರಲಿಕ್ಕಿಲ್ಲ, ಕ್ಲಬ್‌ನವರೂ ಅಷ್ಟೆ. ಮೂವರೂ ಪ್ರಾಮಾಣಿಕರಾಗಿದ್ದೇ ಮೂರನ್ನೂ ಕೂಡಿದ ಮೊತ್ತ ಹುಡುಗನ ಬೆನ್ನು ಮುರಿಯಬಲ್ಲದು. ಯಾಕೆಂದರೆ ಕೂಡಿಸುವ ಕೆಲಸ ಯಾರದೂ ಅಲ್ಲ. ಆ ಮೊತ್ತ ಗೊತ್ತಿರುವುದು ಹುಡುಗನ ದೇಹಕ್ಕೆ ಮಾತ್ರ, ಅದೂ ತಡವಾಗಿ. ಸೇವಾ ಪುಸ್ತಕದಂಥ ದಾಖಲೆ ಬೇಕೆಂದು ನಾನು ಹೇಳುವುದು ಇದಕ್ಕೇ. ಅದು ಟೂರ್ನಿಗಾಗಲಿ ಸಂಸ್ಥೆಗಾಗಲಿ ಸೇರಿದ್ದಾಗಬಾರದು, ಆಟಗಾರನದಾಗಬೇಕು, ಅವನ ಜೊತೆ ಓಡಾಡಬೇಕು. ಅಪ್ಪನಿಗೆ ವರ್ಗವಾಗಿ ಮನೆ ಬೆಂಗಳೂರಿಗೋ ಹೈದರಾಬಾದಿಗೋ ಹೋದಾಗ, ಹೊಸ ಊರಿನ ಕೋಚ್ ಮೊದಲು ತೆರೆದು ನೋಡುವ ಪುಟವಾಗಬೇಕು.

ರಾಜಧಾನಿ ಸೀಮೆ ಮತ್ತು ಅದರ ನೆರೆಯೇ ಉದಾಹರಣೆ ಕೊಡುತ್ತವೆ. 2018ರ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನೊಯಿಡಾದ ಶಿವಂ ಮಾವಿ ಮತ್ತು ರಾಜಸ್ಥಾನದ ಕಮಲೇಶ್ ನಾಗರಕೋಟಿ ಗಂಟೆಗೆ 145 ಕಿ.ಮೀ. ಆಸುಪಾಸಿನಲ್ಲಿ ಎಸೆದು ಜಗತ್ತನ್ನೇ ಬೆರಗಾಗಿಸಿದರು. ಕೋಲ್ಕತ್ತ ನೈಟ್ ರೈಡರ್ಸ್ ಒಬ್ಬರಿಗೆ 3 ಕೋಟಿ, ಇನ್ನೊಬ್ಬರಿಗೆ 3.2 ಕೋಟಿ ರೂಪಾಯಿ ಕೊಟ್ಟಿತು. ನಾಗರಕೋಟಿ ಮೊದಲ ಎರಡು ಐಪಿಎಲ್‌ಗಳಲ್ಲಿ ಗಾಯದಿಂದ ಒಂದೂ ಪಂದ್ಯ ಆಡಲಿಲ್ಲ. ಮಾವಿಗೆ 2019ರ ಋತು ಬೆನ್ನುನೋವಿನಲ್ಲಿ ಕಳೆಯಿತು. ದೆಹಲಿಯ ಮಯಾಂಕ್ ಯಾದವ್ ಕಥೆ ಇನ್ನೂ ಹಸಿ. 2024ರ ಏಪ್ರಿಲ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಂಟೆಗೆ 156.7 ಕಿ.ಮೀ. ವೇಗದ ಎಸೆತ ಹಾಕಿ, ಆರ್‌ಸಿಬಿಯ ಮೂವರನ್ನು 14 ರನ್‌ಗೆ ಪೆವಿಲಿಯನ್‌ಗೆ ಕಳಿಸಿದ ಹುಡುಗ, ಐದು ದಿನ ಕಳೆದು ನಡೆದ ಮುಂದಿನ ಪಂದ್ಯದಲ್ಲಿ ಒಂದೇ ಓವರ್ ಹಾಕಿ ಪಕ್ಕೆ ಹಿಡಿದುಕೊಂಡು ಹೊರನಡೆದರು. ಅಕ್ಟೋಬರ್‌ನಲ್ಲಿ ಗ್ವಾಲಿಯರ್‌ನಲ್ಲಿ ಭಾರತದ ಪರ ಆಡಿದರು, ಆಮೇಲೆ ಬೆನ್ನು ಕೈಕೊಟ್ಟಿತು. ಲಖನೌ ತಂಡ 11 ಕೋಟಿ ಕೊಟ್ಟು ಉಳಿಸಿಕೊಂಡಿತು, 2025ರಲ್ಲಿ ಆಡಲು ಆದದ್ದು ಎರಡೇ ಪಂದ್ಯ. ಈ ಮೂವರ ಗಾಯಕ್ಕೆ ಬಾಲ್ಯದ ಅತಿ ಬೌಲಿಂಗೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಾರಣವೋ ಅಲ್ಲವೋ ಎಂದು ಪರೀಕ್ಷಿಸಲು 14, 15, 16ನೇ ವಯಸ್ಸಿನ ಲೆಕ್ಕ ಬೇಕಾಗುತ್ತದೆ. ಅದನ್ನು ಇಟ್ಟಿದ್ದರೆ ವೈದ್ಯರ ಕೈಯಲ್ಲಿ ಎಂಆರ್‌ಐ ಜೊತೆಗೆ ಇನ್ನೊಂದು ಕಾಗದವೂ ಇರುತ್ತಿತ್ತು.

ಕರ್ನಾಟಕದ ಅನುಭವ ಇದಕ್ಕಿಂತ ಉದ್ದ. ಮೈಸೂರಿನ ಜಾವಗಲ್ ಶ್ರೀನಾಥ್ 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದವರು. ಈ ಅಂಕಿಗಳ ನಡುವೆ ಒಂದು ತೂತಿದೆ. 1997ರಲ್ಲಿ ಭುಜದ ರೊಟೇಟರ್ ಕಫ್ ಗಾಯ ಅವರನ್ನು ವೆಸ್ಟ್ ಇಂಡೀಸ್ ಪ್ರವಾಸದಿಂದ ಹೊರಗಿಟ್ಟಿತು, ವರ್ಷದ ಬಹುಭಾಗ ಹಾಗೇ ಹೋಯಿತು. ಮರಳಿ ಬಂದವರು 1999ರ ಫೆಬ್ರವರಿಯಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ 13 ವಿಕೆಟ್ ಉರುಳಿಸಿದರು ಎಂಬುದು ಅವರ ದೊಡ್ಡತನ. ಆದರೆ ಶ್ರೀನಾಥ್ ಗಾಯಗೊಂಡಾಗಲೆಲ್ಲ ಅವರ ಜಾಗಕ್ಕೆ ಬಂದವರ ಕಥೆಯನ್ನೂ ನೋಡಬೇಕು. 1996ರ ಅಕ್ಟೋಬರ್‌ನಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಟೆಸ್ಟ್ ನೆನಪಿರಬಹುದು. ದ್ರಾವಿಡ್, ಸುನಿಲ್ ಜೋಷಿ, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಜೊತೆಗೆ ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಅಂದು ಪದಾರ್ಪಣೆ ಮಾಡಿದರು. ಹನ್ನೊಂದರಲ್ಲಿ ಐವರು ಕರ್ನಾಟಕದವರು. ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 152 ರನ್‌ಗೆ ಹತ್ತೂ ವಿಕೆಟ್ ಕಿತ್ತ ಬೌಲರ್ ಈ ಜಾನ್ಸನ್, ಆ ಕಾಲದ ಭಾರತದ ಅತಿ ವೇಗಿಗಳಲ್ಲಿ ಒಬ್ಬರು. ಆಮೇಲೆ ಡರ್ಬನ್‌ನಲ್ಲಿ ಇನ್ನೊಂದು ಟೆಸ್ಟ್. ಒಟ್ಟು ಎರಡು ಪಂದ್ಯ, ಮೂರು ವಿಕೆಟ್. ಅಂತರರಾಷ್ಟ್ರೀಯ ವೃತ್ತಿ ಅಲ್ಲಿಗೆ ಮುಗಿಯಿತು. 2024ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 52 ವರ್ಷ. ಅವರ ಬದುಕನ್ನು ಪಾಠವಾಗಿ ಬಳಸುವ ಹಕ್ಕು ಯಾರಿಗೂ ಇಲ್ಲ. ಆದರೆ ಒಂದು ಹೋಲಿಕೆ ಹೇಳಲೇಬೇಕು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಟಗಾರ ಒಂದು ದಿನ ತಂಡದ ಪಟ್ಟಿಯಲ್ಲಿದ್ದರೂ ಜೀವನಪೂರ್ತಿ ವೈದ್ಯಕೀಯ ವಿಮೆಗೆ ಅರ್ಹ, 43 ದಿನ ಇದ್ದರೆ ಪಿಂಚಣಿಗೆ ಅರ್ಹ. ನಮ್ಮ ಕ್ರಿಕೆಟ್ ಮಂಡಳಿಯೂ ಮಾಜಿ ಆಟಗಾರರಿಗೆ ಪಿಂಚಣಿ ಕೊಡುತ್ತದೆ, 2022ರ ಜೂನ್‌ನಲ್ಲಿ ಕೆಳಹಂತದ 15,000 ರೂಪಾಯಿಯನ್ನು 30,000ಕ್ಕೆ ಏರಿಸಿತು. ಆದರೆ ಹದಿನಾರರಲ್ಲಿ ಬೆನ್ನು ಮುರಿದುಕೊಂಡು, ಯಾವ ಪಟ್ಟಿಗೂ ಸೇರದೆ, ಎಸ್ಸೆಸ್ಸೆಲ್ಸಿಯ ಅಂಕಗಳೂ ಕೈತಪ್ಪಿದ ಹುಡುಗನಿಗೆ ಯಾವ ಪಿಂಚಣಿಯೂ ಇಲ್ಲ. ವೃತ್ತಿ ಶುರುವಾಗುವ ಮೊದಲೇ ಆದ ಗಾಯ ಯಾರ ಖಾತೆಗೂ ಸೇರುವುದಿಲ್ಲ.

ಎಲ್ಲರ ಕಥೆಯೂ ಹೀಗೇ ಮುಗಿಯಬೇಕೆಂದಿಲ್ಲ. ಕರ್ನಾಟಕದವರೇ ಆದ ವೇಗಿ ಪ್ರಸಿದ್ಧ ಕೃಷ್ಣ ಅವರನ್ನು ನೋಡಿ. ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ನಿಂದ 2023ರ ಐಪಿಎಲ್ ಪೂರ್ತಿ ತಪ್ಪಿಸಿಕೊಂಡರು. ಮರಳಿದರೆ, 2024ರ ಆರಂಭದಲ್ಲಿ ತೊಡೆಯ ಸ್ನಾಯುರಜ್ಜಿಗೆ ಶಸ್ತ್ರಚಿಕಿತ್ಸೆ. ಆದರೂ 2025ರ ಐಪಿಎಲ್‌ನಲ್ಲಿ 25 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ತೊಟ್ಟರು, ಓವಲ್ ಟೆಸ್ಟ್‌ನಲ್ಲಿ ಎಂಟು ವಿಕೆಟ್ ಕಿತ್ತರು. ಅವರ ಹಿಂದೆ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, ತಜ್ಞರು, ಕರಾರಿನ ಹಣ ಎಲ್ಲ ಇದ್ದವು. ಅಂದರೆ ಎಣಿಕೆ, ವಿಶ್ರಾಂತಿ, ಹಂತಹಂತವಾಗಿ ಮರಳುವ ಯೋಜನೆ ಇವೆಲ್ಲ ಭಾರತೀಯ ಕ್ರಿಕೆಟ್‌ಗೆ ಚೆನ್ನಾಗಿಯೇ ಗೊತ್ತು. ಬೆಂಗಳೂರಿನಲ್ಲಿ ಕುಳಿತ ತಜ್ಞರು ದೇಶದ ಅಗ್ರ ಬೌಲರ್‌ಗಳ ಒಂದೊಂದು ಎಸೆತವನ್ನೂ ಎಣಿಸುತ್ತಾರೆ. ಆ ಜ್ಞಾನ ತಲುಪುವ ಹೊತ್ತಿಗೆ ಹುಡುಗನಿಗೆ ಇಪ್ಪತ್ತು ದಾಟಿರುತ್ತದೆ ಎನ್ನುವುದಷ್ಟೇ ನನ್ನ ತಕರಾರು.

ಇದಕ್ಕೆ ಬರುವ ಮೊದಲ ಆಕ್ಷೇಪ ಹಳೆಯ ತಲೆಮಾರಿನದು. ಕಪಿಲ್ ದೇವ್ 131 ಟೆಸ್ಟ್ ಆಡಿದರು, ಗಾಯದ ಕಾರಣಕ್ಕೆ ಒಂದನ್ನೂ ತಪ್ಪಿಸಲಿಲ್ಲ. ಅವರ ಎಸೆತ ಎಣಿಸಿದವರು ಯಾರು? 2025ರ ಇಂಗ್ಲೆಂಡ್ ಪ್ರವಾಸದ ನಂತರ ಈ ಮಾತಿಗೆ ಹೊಸ ಬಲ ಬಂದಿದೆ. ಬೂಮ್ರಾ ಹೊರೆ ನಿರ್ವಹಣೆಯ ಹೆಸರಿನಲ್ಲಿ ಐದರಲ್ಲಿ ಮೂರು ಟೆಸ್ಟ್ ಆಡಿದರು. ಸಿರಾಜ್ ಐದನ್ನೂ ಆಡಿ, 185 ಓವರ್‌ಗಿಂತ ಹೆಚ್ಚು ಎಸೆದು 23 ವಿಕೆಟ್ ಪಡೆದರು. ಹೊರೆ ನಿರ್ವಹಣೆ ಎಂಬುದೇ ಸೋಮಾರಿತನದ ಇಂಗ್ಲಿಷ್ ಹೆಸರು ಎಂದು ಅಂದಿನಿಂದ ಚಹಾದಂಗಡಿಯಿಂದ ಟಿವಿ ಸ್ಟುಡಿಯೊವರೆಗೆ ಎಲ್ಲರೂ ಹೇಳಿಯಾಯಿತು. ಸಿರಾಜ್ ಅವರ ಗಟ್ಟಿತನದ ಬಗ್ಗೆ ನನಗೂ ಬೆರಗಿದೆ. ಆದರೆ ಕಪಿಲ್, ಸಿರಾಜ್ ನಮ್ಮ ಕಣ್ಣಿಗೆ ಬಿದ್ದಿರುವುದು ಅವರು ಉಳಿದುಕೊಂಡದ್ದರಿಂದ. ಅವರಷ್ಟೇ ಎಸೆದು ಹದಿನೇಳಕ್ಕೆ ಕುಸಿದವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಇನ್ನು ಬೂಮ್ರಾ ಮೂರು ಟೆಸ್ಟ್ ಆಡಿದ್ದು ಯಾಕೆಂದರೆ, 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮನುಷ್ಯ ಆಸ್ಟ್ರೇಲಿಯಾದಲ್ಲಿ 151 ಓವರ್ ದಾಟಿ ಎಸೆದು, 32 ವಿಕೆಟ್ ಪಡೆದು, ಸಿಡ್ನಿಯಲ್ಲಿ ಅದೇ ಬೆನ್ನು ಹಿಡಿದು ನಿಂತದ್ದಕ್ಕೆ. ಹಳಬರ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಒಪ್ಪಬೇಕು: ಎಸೆಯದೆ ಬೌಲರ್ ಗಟ್ಟಿಯಾಗುವುದಿಲ್ಲ. ಆಸ್ಟ್ರೇಲಿಯಾದ ವೇಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ವಾರಕ್ಕೆ ಸರಾಸರಿ 188 ಎಸೆತ ಮೀರಿದವರಿಗೆ ಅಪಾಯ ಹೆಚ್ಚು ಎಂದಿತು, 123ಕ್ಕಿಂತ ಕಡಿಮೆ ಎಸೆದವರಿಗೂ ಅಪಾಯ ಹೆಚ್ಚು ಎಂದಿತು. ಆಮೇಲಿನ ಸಂಶೋಧನೆ ಹೊರೆ ಹಠಾತ್ತನೆ ಏರುವುದೇ ಹೆಚ್ಚು ಕೇಡು ಎಂದು ಸೂಚಿಸಿತು. ಅದನ್ನು ಅಳೆಯುವ ಅನುಪಾತದ ಬಗ್ಗೆ ತಜ್ಞರಲ್ಲೇ ಜಗಳವಿದೆ, ಇರಲಿ. ಪರೀಕ್ಷೆಗೆಂದು ಎರಡು ತಿಂಗಳು ಚೆಂಡು ಮುಟ್ಟದ ಹುಡುಗ ಬೇಸಿಗೆ ಶಿಬಿರದ ಮೊದಲ ವಾರದಲ್ಲೇ ದಿನವೂ ನೆಟ್ಸ್‌ನಲ್ಲಿ ಎಸೆಯುವುದು ನಮ್ಮ ಎಲ್ಲ ಊರುಗಳ ಕ್ರಮ. ಕಡಿಮೆ ಎಸೆಯುತ್ತಿದ್ದಾನೆ ಎಂಬುದನ್ನು ತೋರಿಸಲೂ ಎಣಿಕೆಯೇ ಬೇಕು.

ಎರಡನೇ ಆಕ್ಷೇಪ ಇದಕ್ಕಿಂತ ಗಟ್ಟಿ. ಇಷ್ಟೆಲ್ಲ ಎಣಿಸಿದ ಅಮೆರಿಕದಲ್ಲಿ ಗಾಯ ಕಡಿಮೆಯಾಯಿತೇ? ಇಲ್ಲ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ತಾನೇ ಬಿಡುಗಡೆ ಮಾಡಿದ ವರದಿಯ ಪ್ರಕಾರ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಟಾಮಿ ಜಾನ್ ಹೆಸರಿನಿಂದಲೇ ಕರೆಯುವ ಆ ಮೊಣಕೈ ಶಸ್ತ್ರಚಿಕಿತ್ಸೆಗಳು 2010ರಲ್ಲಿ 104 ಇದ್ದದ್ದು 2024ರಲ್ಲಿ 281. ಅದೇ ವರದಿ ಕಾರಣವನ್ನೂ ಹೇಳುತ್ತದೆ: ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 94.2ಕ್ಕೆ ಏರಿದೆ. ಪ್ರತಿ ಎಸೆತವನ್ನೂ ಪೂರ್ತಿ ಶಕ್ತಿ ಹಾಕಿ ಎಸೆಯುವುದು ರೂಢಿಯಾಗಿದೆ, ಆ ಗೀಳು ಶಾಲಾ ಹುಡುಗರಿಗೂ ಇಳಿದಿದೆ. ಅಂದರೆ ಎಣಿಕೆ ಒಂದು ಬಾಗಿಲು ಮುಚ್ಚಿತು, ವೇಗದ ಮೋಹ ಇನ್ನೊಂದನ್ನು ತೆರೆಯಿತು. ಇದರಿಂದ ಎಣಿಕೆ ವ್ಯರ್ಥ ಎಂದಾಗುವುದಿಲ್ಲ, ಎಣಿಕೆ ಒಂದೇ ಸಾಲದು ಎಂದಾಗುತ್ತದೆ. ಹಾಗಾಗಿ ನಾನು ಕೇಳುವ ಪುಸ್ತಕದಲ್ಲಿ ಪೂರ್ತಿ ವೇಗದಲ್ಲಿ ಎಸೆದದ್ದೆಷ್ಟು, ಅರ್ಧ ವೇಗದಲ್ಲಿ ಎಷ್ಟು ಎಂಬ ಅಂಕಣವೂ ಇರಬೇಕು. ಹದಿನಾರರೊಳಗಿನವರ ಶಿಬಿರಗಳಲ್ಲಿ ಸ್ಪೀಡ್ ಗನ್ ಇಡುವುದನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಆ ಯಂತ್ರದ ಎದುರು ಯಾವ ಹುಡುಗನೂ ಅರ್ಧ ವೇಗದಲ್ಲಿ ಎಸೆಯುವುದಿಲ್ಲ.

ಮೂರನೆಯದು ಬಡವರ ಹೆಸರಿನಲ್ಲಿ ಬರುವ ಆಕ್ಷೇಪ. ಹಳ್ಳಿಯಿಂದ ಬಂದ ಹುಡುಗನಿಗೆ ವೇಗವೇ ಬಂಡವಾಳ, ಆಯ್ಕೆಗಾರರ ಕಣ್ಣಿಗೆ ಬೀಳುವ ಒಂದು ದಿನ ಓವರ್ ಮುಗಿಯಿತೆಂದು ಅವನನ್ನು ತಡೆದರೆ ಅವನ ಅನ್ನ ಕಿತ್ತಂತೆ ಎಂಬ ಮಾತು ಕೇಳಲು ನ್ಯಾಯವೆನಿಸುತ್ತದೆ. ಆದರೆ ಗಾಯದ ಖರ್ಚು ಹೊರಲಾರದವನೂ ಅವನೇ. ಕೋಟಿ ಕೊಟ್ಟ ಫ್ರಾಂಚೈಸಿ ತನ್ನ ವೇಗಿಯನ್ನು ನ್ಯೂಜಿಲೆಂಡ್‌ಗೆ ಕಳಿಸಿ ಚಿಕಿತ್ಸೆ ಮಾಡಿಸಬಲ್ಲದು. ಬಡ ಹುಡುಗನಿಗೆ ಸಿಗುವುದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಚೀಟಿ. ಅಮೆರಿಕದ ಕಿರಿಯ ಲೀಗ್‌ಗಳ ಕೆಳದರ್ಜೆಯ ಆಟಗಾರರು 2023ರಲ್ಲಿ ಒಕ್ಕೂಟದ ಮೂಲಕ ಒಪ್ಪಂದ ಪಡೆಯುವವರೆಗೆ ವರ್ಷಕ್ಕೆ 4,800 ಡಾಲರ್‌ಗೆ ದುಡಿಯುತ್ತಿದ್ದರು, ಒಪ್ಪಂದದ ನಂತರ ಅದು 19,800 ಆಯಿತು. ಕನಸಿನ ಹೆಸರಿನಲ್ಲಿ ಅಗ್ಗದ ತೋಳು ಸಿಗುವಾಗ ಯಾವ ವ್ಯವಸ್ಥೆಯೂ ತಾನಾಗಿ ಅದನ್ನು ಜೋಪಾನ ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆಡಳಿತದ ತೊಡಕು, ಸುಳ್ಳು ವಯಸ್ಸು ಮುಂತಾದವೂ ಇವೆ. ಹುಟ್ಟಿದ ದಿನವನ್ನೇ ತಿದ್ದುವ ಕಡೆ ವಯಸ್ಸಿನ ಮಿತಿಗೆ ಅರ್ಥವೇನು ಎಂದರೆ, ಮಂಡಳಿ ಮಣಿಕಟ್ಟಿನ ಮೂಳೆಯ ಎಕ್ಸ್‌ರೇ ತೆಗೆಸಿ ವಯಸ್ಸು ಅಳೆಯುವುದನ್ನು ವರ್ಷಗಳ ಹಿಂದೆಯೇ ರೂಢಿಗೆ ತಂದಿದೆ. ಮೂಳೆಯ ಚಿತ್ರ ತೆಗೆಯಲು ಸಾಧ್ಯವಾದವರಿಗೆ ಆ ಮೂಳೆ ಸವೆಯುವ ಲೆಕ್ಕ ಬರೆಯುವುದು ಕಷ್ಟವಾಗಬಾರದು.

ಶುರು ಎಲ್ಲಿಂದ? ಇಡೀ ದೇಶಕ್ಕೆ ಒಂದೇ ದಿನ ತರಬೇಕಿಲ್ಲ. ದೆಹಲಿ ಜಿಲ್ಲಾ ಕ್ರಿಕೆಟ್ ಸಂಸ್ಥೆ ಮತ್ತು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 14 ಮತ್ತು 16ರೊಳಗಿನವರ ಲೀಗ್‌ಗಳಿಗೆ ನೋಂದಣಿ ಮಾಡುವಾಗ ಈ ಪುಸ್ತಕ ಕೇಳಲಿ. ಪುಸ್ತಕ ಇಲ್ಲದ ವೇಗಿಗೆ ಚೆಂಡು ಇಲ್ಲ ಎನ್ನಲಿ. ಅಷ್ಟು ಮಾಡಿದರೆ ಅಕಾಡೆಮಿಗಳು ತಾವಾಗಿ ಬರೆಯತೊಡಗುತ್ತವೆ, ಯಾಕೆಂದರೆ ಅವುಗಳ ವ್ಯಾಪಾರವೇ ಆಯ್ಕೆಯ ಮೇಲೆ ನಿಂತಿದೆ. ಕಿದ್ವಾಯಿ ನಗರದಿಂದ ದೂರವಲ್ಲದ ಲೋಧಿ ಎಸ್ಟೇಟ್‌ನ ದೆಹಲಿ ಕನ್ನಡ ಶಾಲೆಯಂಥ ಶಾಲೆಗಳು ಯಾವ ಸಂಸ್ಥೆಯ ಆದೇಶಕ್ಕೂ ಕಾಯದೆ ನಾಳೆಯೇ ಒಂದು ನೋಟ್‌ಬುಕ್‌ನಲ್ಲಿ ಆರಂಭಿಸಬಹುದು. ಮೇಜರ್ ಲೀಗ್ 2019ರಿಂದ ದೆಹಲಿಯಲ್ಲೇ ಕಚೇರಿ ತೆರೆದು ಶಾಲೆಗಳಲ್ಲಿ ಬೇಸ್‌ಬಾಲ್ ಕಲಿಸುತ್ತಿದೆ. ಅವರಿಂದ ಆಟಕ್ಕಿಂತ ಮೊದಲು ಕೇಳಿ ಪಡೆಯಬೇಕಾದದ್ದು ಆ ಎಣಿಕೆಯ ಪಟ್ಟಿ.

ಕೊನೆಗೆ ಎಲ್ಲ ಕೋಚ್‌ಗಳೂ ಕೇಳುವ ಒಂದು ಪ್ರಶ್ನೆ ಉಳಿಯುತ್ತದೆ: ಫೈನಲ್ ಪಂದ್ಯ, ಗೆಲುವು ಕೈಯಲ್ಲಿದೆ, ಹುಡುಗನ ಮಿತಿ ಮುಗಿದಿದೆ, ಆಗೇನು? ಜಪಾನ್ ಇದನ್ನು ಎದುರಿಸಿದೆ. ಅಲ್ಲಿನ ಹೈಸ್ಕೂಲ್ ಬೇಸ್‌ಬಾಲ್ ಟೂರ್ನಿ ಕೋಶಿಯೆನ್ ಒಂದು ರಾಷ್ಟ್ರೀಯ ಉತ್ಸವ. ತೋಳು ಮುರಿಯುವವರೆಗೆ ಎಸೆಯುವುದೇ ಅಲ್ಲಿ ಬಹುಕಾಲ ಆದರ್ಶವಾಗಿತ್ತು. 1998ರಲ್ಲಿ ದೈಸುಕೆ ಮತ್ಸುಜಾಕಾ ಒಂದೇ ಪಂದ್ಯದಲ್ಲಿ 250 ಎಸೆತ ಹಾಕಿದರು, 2018ರಲ್ಲಿ ಕೊಸೆಯ್ ಯೊಶಿದಾ ಆರು ಪಂದ್ಯಗಳಲ್ಲಿ 881. ಮರುವರ್ಷ ಇವಾತೆ ಪ್ರಾಂತ್ಯದ ಒಫುನಾತೊ ಶಾಲೆಯಲ್ಲಿ ರೋಕಿ ಸಸಾಕಿ ಎಂಬ ಹುಡುಗನಿದ್ದ, ಗಂಟೆಗೆ 163 ಕಿ.ಮೀ. ವೇಗದವನು. ಪ್ರಾಂತ್ಯದ ಟೂರ್ನಿಯ ಒಂದು ಪಂದ್ಯದಲ್ಲಿ 194 ಎಸೆತ, ಸೆಮಿಫೈನಲ್‌ನಲ್ಲಿ 129. ಮರುದಿನವೇ ಫೈನಲ್, ಗೆದ್ದರೆ ಶಾಲೆಗೆ 35 ವರ್ಷಗಳ ನಂತರ ಕೋಶಿಯೆನ್. ಕೋಚ್ ಕೊಕುಬೊ ಅವನನ್ನು ಇಳಿಸಲಿಲ್ಲ. ಶಾಲೆ 12-2ರಿಂದ ಸೋತಿತು, ಬೈಗುಳದ ಕರೆಗಳ ಸುರಿಮಳೆಯಾಯಿತು. 2020ರಿಂದ ಜಪಾನ್‌ನ ಹೈಸ್ಕೂಲ್ ಒಕ್ಕೂಟ ವಾರಕ್ಕೆ 500 ಎಸೆತಗಳ ಮಿತಿ ತಂದಿತು, ಅದೂ ತೀರ ಉದಾರ ಮಿತಿಯೇ. ಸಸಾಕಿ 2022ರ ಏಪ್ರಿಲ್‌ನಲ್ಲಿ ವೃತ್ತಿಪರ ಲೀಗ್‌ನಲ್ಲಿ ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಪಂದ್ಯ ಎಸೆದರು. 2025ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ ಮೊದಲ ಋತುವಿನಲ್ಲೇ ಭುಜದ ನೋವಿಗೆ ತಿಂಗಳುಗಟ್ಟಲೆ ಹೊರಗುಳಿದರು, ಋತುವಿನ ಕೊನೆಗೆ ಮರಳಿ ಬಂದು ತಂಡ ವಿಶ್ವ ಸರಣಿ ಗೆದ್ದಾಗ ಅದರ ಭಾಗವಾಗಿದ್ದರು. ಕೋಚ್ ಸರಿಯೋ ತಪ್ಪೋ ಎಂದು ಜಪಾನ್‌ನಲ್ಲಿ ಇಂದಿಗೂ ವಾದ ನಡೆಯುತ್ತದೆ. ಅವರು ಹಾಗೆ ವಾದಿಸಬಲ್ಲರು, ಏಕೆಂದರೆ 194, 129 ಎಂಬ ಅಂಕಿಗಳನ್ನು ಅಂದು ಯಾರೋ ಬರೆದಿಟ್ಟಿದ್ದರು.